ಅಮ್ಮನ ಬಿಸಿನೀರಿನ ಚೀಲ

ಬೆಳಗ್ಗೆಯೇ ಸೆಖೆ ಮೈ ಸುಡುತ್ತಿತ್ತು. ವ್ಯಸನಮುಕ್ತಿ ಚಿಕಿತ್ಸಾಲಯದ ಬೆಂಚಿನ ಮೇಲೆ ಕುಳಿತಿದ್ದವರೆಲ್ಲ ಕೈಗೆ ಸಿಕ್ಕಿದ್ದರಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಅಕ್ಕ ಮತ್ತು ತಮ್ಮನ ನಡುವೆ ಕುಳಿತಿದ್ದ ಅಮ್ಮ ಮಾತ್ರ ಟವೆಲ್ ಸುತ್ತಿದ ಬಿಸಿನೀರಿನ ಚೀಲವನ್ನು ಅವುಚಿಕೊಂಡಿದ್ದಳು.

"ಏನಮ್ಮ ಇದು, ಈ ಸೆಖೇಲಿ?" ಎಂದಳು ಅಕ್ಕ.

"ಮಂಡಿನೋವು ಕಣೆ. ನಿಂಗೇನ್ ಗೊತ್ತು?"

"ಮಂಡಿ ಕೆಳಗಿದೆ. ಚೀಲ ಹೊಟ್ಟೆ ಮೇಲಿದೆ."

ಅಮ್ಮ ಮುಖ ತಿರುಗಿಸಿದಳು. ಅಷ್ಟರಲ್ಲಿ ನರ್ಸ್ ತಮ್ಮನನ್ನು ಕರೆದು ಮೂತ್ರಪರೀಕ್ಷೆಯ ಡಬ್ಬಿಯನ್ನು ಕೈಗಿತ್ತಳು. "ಶೌಚಾಲಯದಲ್ಲಿ ಜೊತೆಗೆ ನಿಲ್ಲೋ ಅಟೆಂಡರ್ ಇವತ್ತು ರಜೆ. ನೀವೇ ಹೋಗ್ಬನ್ನಿ."

"ಅಮ್ಮ, ನೀರು ಆರಿರ್ಬೇಕು. ಕೊಡು, ಬದಲಾಯಿಸ್ಕೊಂಡು ಬರ್ತೀನಿ" ಎಂದು ತಮ್ಮ ಚೀಲವನ್ನು ಎತ್ತಿಕೊಂಡು ಹೊರಟ.

ಮನೆಯಲ್ಲಿ ಒಂದು ಲೋಟ ನೀರು ಎತ್ತಿಕೊಡದವನಿಗೆ ಇದೆಂಥ ಸೇವಾಭಾವ! ಅಕ್ಕನಿಗೆ ಅಚ್ಚರಿಯಾಯಿತು. ಆದರೆ ಆ ಅಚ್ಚರಿಯನ್ನು ಬೆನ್ನಟ್ಟಿ ಹೋಗುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಅಪ್ಪ ಬಿಟ್ಟುಹೋದ ಸೋಫಾ ಹೊದಿಕೆಯ ಕಾರ್ಖಾನೆಯಲ್ಲಿ ತಮ್ಮನಷ್ಟು ನೇರವಾಗಿ ಹೊಲಿಗೆ ಹಾಕುವವರು ಇನ್ನೊಬ್ಬರಿರಲಿಲ್ಲ. ಚಿತ್ರಮಂದಿರವೊಂದರ ಆಸನಗಳ ಕೆಲಸ ಬಂದಾಗ, ನಿದ್ದೆಗೆಟ್ಟು ಮುಗಿಸಲೆಂದು ಗೆಳೆಯನೊಬ್ಬ ಅವನಿಗೆ ಮೆತ್ ಎಂಬ ಮಾದಕವಸ್ತು ಕೊಟ್ಟ. ಬೀದಿಯವರು ಅದನ್ನು ಐಸ್ ಎನ್ನುತ್ತಿದ್ದರು. ಕೆಲಸವೇನೋ ಮುಗಿಯಿತು; ಹೋದ ನಿದ್ದೆ ಮಾತ್ರ ಮರಳಲಿಲ್ಲ. ಚರ್ಮದಡಿ ಹುಳು ಹರಿಯುತ್ತಿವೆಯೆಂದು ತೋಳನ್ನು ಪರಚಿ ಹುಣ್ಣು ಮಾಡಿಕೊಂಡ. ಹಲ್ಲುಗಳು ಹುಳುಕಾದವು. ದಿಂಬಿನೊಳಗೆ ಯಾರೋ ಕದ್ದಾಲಿಸುವ ಯಂತ್ರ ಇಟ್ಟಿದ್ದಾರೆಂದು, ತಾನೇ ಹಾಕಿದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.

ಇದಕ್ಕೆ ನುಂಗಿ ಮರೆಯುವಂಥ ಮಾತ್ರೆಯಿಲ್ಲ, ವಾರವಾರವೂ ಬಂದು ಮಾತಾಡಬೇಕು, ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದಿದ್ದರು ಡಾಕ್ಟರು. ಕಾರ್ಖಾನೆಗೆ ಬೀಗ ಹಾಕಿ ಅಕ್ಕ ಅವನನ್ನು ಕರೆತರುತ್ತಿದ್ದಳು. ನಿನ್ನೆ ಮೂಲೆಯಲ್ಲಿ ಹೊಲಿಗೆ ಬಿಚ್ಚಿದ ದಿಂಬೊಂದು ಕಣ್ಣಿಗೆ ಬಿತ್ತು. ಅವಳ ತಾಳ್ಮೆಯೂ ಅಲ್ಲಿಗೇ ಬಿಚ್ಚಿಕೊಂಡಿತು.

"ನಾಳೆ ಪರೀಕ್ಷೇಲಿ ಐಸ್ ಸಿಕ್ಕರೆ ಮನೆ ಮೆಟ್ಟಿಲು ಹತ್ಬೇಡ. ಬಟ್ಟೆ ಗಂಟುಕಟ್ಟಿ ಬೀದಿಗೆ ಎಸೀತೀನಿ."

ತಮ್ಮನಿಗೆ ನಿನ್ನೆ ಹೇಳಿದ ಆ ಮಾತನ್ನೇ ಅವಳೀಗ ಬೆಂಚಿನ ಮೇಲೆ ಕುಳಿತು ಮೆಲುಕುಹಾಕುತ್ತಿದ್ದಳು. ಆಡಿದ್ದನ್ನು ಮಾಡಲೇಬೇಕಾಗಿ ಬಂದರೆ?

ತಮ್ಮ ಬಂದು ಚೀಲವನ್ನು ಅಮ್ಮನಿಗೆ, ಡಬ್ಬಿಯನ್ನು ನರ್ಸಿಗೆ ಕೊಟ್ಟ ಸ್ವಲ್ಪ ಹೊತ್ತಿಗೆ ಡಾಕ್ಟರು ಮೂವರನ್ನೂ ಒಳಗೆ ಕರೆಸಿದರು.

"ಐಸ್ ಕಂಡಿಲ್ಲ" ಎಂದರು.

ಅಕ್ಕನ ಎದೆಯ ಭಾರ ಇಳಿಯಿತು. ಅಮ್ಮ ಕಣ್ಣು ಮುಚ್ಚಿ ನಿಟ್ಟುಸಿರುಬಿಟ್ಟಳು. ಡಾಕ್ಟರು ಮಾತ್ರ ನಗಲಿಲ್ಲ.

"ಐಸ್ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತೆ ಅಂತ ಆಗಾಗ ಬೇರೆ ಪರೀಕ್ಷೆಗಳನ್ನೂ ಮಾಡ್ತೀವಿ. ಇದ್ರಲ್ಲಿ ಸಕ್ಕರೆ ವಿಪರೀತ ಇದೆ. ನಿಮ್ಮ ತಮ್ಮನಿಗೆ ಸಕ್ಕರೆ ಕಾಯಿಲೆ ಯಾವಾಗಿಂದ?"

"ಅವನಿಗೆಲ್ಲಿಯ ಕಾಯಿಲೆ ಡಾಕ್ಟ್ರೇ? ಸಕ್ಕರೆ ಇರೋದು ಅಮ್ಮನಿ…"

ಅಕ್ಕನ ದೃಷ್ಟಿ ಬಿಸಿನೀರಿನ ಚೀಲದ ಮೇಲೆ ಬಿತ್ತು. ಟವೆಲ್ಲಿನ ಮಡಿಕೆಯಿಂದ ಪುಟ್ಟ ಸೀಸೆಯ ಮುಚ್ಚಳವೊಂದು ಇಣುಕುತ್ತಿತ್ತು.

"ಅಮ್ಮಾ!"

"ಕೂಗ್ಬೇಡ್ವೆ. ಮೂತ್ರ ತಣ್ಣಗಿದ್ರೆ ಗೊತ್ತಾಗ್ಬಿಡುತ್ತೆ ಅಂದ ಇವ್ನು. ಅದಕ್ಕೇ ಬೆಚ್ಚಗೆ ಇಟ್ಕೊಂಡಿದ್ದೆ."

"ಮಾತ್ರೆ ತಗೊಳ್ತಿಲ್ವಾ ನೀವು?" ಡಾಕ್ಟರು ಅಮ್ಮನತ್ತ ಬಾಗಿದರು.

"ಇವನ ಚಿಂತೇಲಿ ನನ್ನ ಮಾತ್ರೆ ಯಾರಿಗೆ ನೆನಪಿರುತ್ತೆ ಡಾಕ್ಟ್ರೇ?"

ಡಾಕ್ಟರು ತಮ್ಮನ ಕಡೆ ತಿರುಗಿದರು. "ಮತ್ತೆ ತಗೊಂಡ್ಯಾ?"

ಅವನು ನೆಲ ನೋಡುತ್ತಲೇ ತಲೆಯಾಡಿಸಿದ. "ಮೊನ್ನೆ. ಒಂದೇ ಸಲ."

"ಇಲ್ಲಿ ಜಾರಿದವರನ್ನ ಹೊರಗೆ ಹಾಕಲ್ಲಪ್ಪ. ಜಾರಿದ್ದು ಗೊತ್ತಾದ್ರೆ ಹೆಚ್ಚು ಸಲ ಕರೆಸ್ತೀವಿ, ಎಲ್ಲಿ ಕಾಲು ತಪ್ಪಿತು ಅಂತ ಹುಡುಕ್ತೀವಿ. ಅಮ್ಮನ ಡಬ್ಬಿ ಕೊಟ್ರೆ ನಾನು ಯಾರನ್ನ ವಾಸಿ ಮಾಡ್ಲಿ?"

"ಹೊರಗೆ ಹಾಕೋದು ನೀವಲ್ಲ ಡಾಕ್ಟ್ರೇ" ಎಂದ ತಮ್ಮ ಮೆಲ್ಲಗೆ. "ಅಕ್ಕ."

"ಓಹೋ! ತಪ್ಪೆಲ್ಲ ನಂದೇ ಈಗ!" ಅಕ್ಕ ಎದ್ದು ನಿಂತಳು. "ನೀನು ಬಿಚ್ಚಿದ್ದೆಲ್ಲ ನಾನು ಹೊಲೀಬೇಕು, ಗಿರಾಕಿಗಳ ಹತ್ರ ಬೈಸ್ಕೋಬೇಕು. ಕೊನೆಗೆ ನಾನೇ ರಾಕ್ಷಸಿ! ಬಾಯಿ ಮುಚ್ಕೊಂಡೇ ಇರ್ಬೇಕಿತ್ತಾ ನಾನು?"

"ಸಿಟ್ಟು ಬರೋದು ಸಹಜ" ಎಂದರು ಡಾಕ್ಟರು. "ಆದ್ರೆ ಹೊರಗೆ ಹಾಕ್ತೀನಿ ಅಂದ್ರೆ ನಿಜ ಹೇಳೋಕೆ ಅವನಿಗೆ ಜಾಗ ಎಲ್ಲಿರುತ್ತೆ?"

ಅಕ್ಕನ ಸಿಟ್ಟು ಇಳಿಯಲಿಲ್ಲ. ಬಾಗಿಲಲ್ಲಿದ್ದ ನರ್ಸ್ ಕೈಯಿಂದ ಹೊಸ ಡಬ್ಬಿ ಕಿತ್ತುಕೊಂಡವಳಂತೆ ತೆಗೆದುಕೊಂಡು ತಮ್ಮನ ಕೈಗೆ ತುರುಕಿದಳು.

"ಅಮ್ಮನ ಸಕ್ಕರೆ ನೋಡಿ ಔಷಧಿ ಬರೀರಿ ಡಾಕ್ಟ್ರೇ. ನೀನು ನಡಿಯೋ. ಬಾಗಿಲಲ್ಲಿ ನಾನೇ ನಿಲ್ತೀನಿ."

ಶೌಚಾಲಯದ ಬಾಗಿಲು ಅರೆತೆರೆದೇ ಇತ್ತು. ಅಕ್ಕ ಬೆನ್ನು ತಿರುಗಿಸಿ ನಿಂತಳು.

"ನೀನು ಅಲ್ಲಿದ್ರೆ ಬರಲ್ಲ ಕಣಕ್ಕ."

"ಬರೋವರೆಗೂ ನಿಂತಿರ್ತೀನಿ."

ಒಳಗೆ ನಲ್ಲಿ ಮಾತ್ರ ತೊಟ್ಟಿಕ್ಕುತ್ತಿತ್ತು.

"ಅಕ್ಕ… ಇದ್ರಲ್ಲಿ ಐಸ್ ಸಿಗುತ್ತೆ. ಆಮೇಲೆ?"

ಅಕ್ಕ ಕಾರ್ಖಾನೆಯ ಬೀಗದ ಕೈಯನ್ನು ಅಂಗೈ ನೋಯುವಂತೆ ಹಿಡಿದುಕೊಂಡಳು.

"ಆಮೇಲೇನು, ಮನೆಗೆ. ನಿನ್ನ ಹೊರಗೆ ಹಾಕಿದ್ರೆ ಅಮ್ಮ ಇನ್ನೇನೇನು ತುಂಬ್ಕೊಂಡು ಬರ್ತಾಳೋ! ಬೇಗ ಮುಗಿಸು. ಆ ದಿಂಬಿನ ಹೊಲಿಗೆ ಇವತ್ತು ನೀನೇ ಹಾಕ್ಬೇಕು."

ಕಾರ್ಖಾನೆ ತೆರೆಯುವ ಹೊತ್ತು ಎಂದೋ ಮೀರಿತ್ತು. ಬಾಗಿಲಾಚೆ ಇನ್ನೂ ನಲ್ಲಿಯ ಸದ್ದೊಂದೇ. ಅಕ್ಕ ಹಲ್ಲು ಕಚ್ಚಿ ಕಾಯುತ್ತ ನಿಂತಳು.