ಹಿಂದೆ ನಡೆಯುವ ಮೂರು ನಕ್ಷತ್ರಗಳು

ಚಿಕ್ಕಪ್ಪ ಅಂಗಿಯ ತೋಳು ಮಡಚಿ ಮುಗಿಸುವಷ್ಟರಲ್ಲಿ ಮಗಳು ಅಪ್ಪನ ಶವಪೆಟ್ಟಿಗೆಯ ಎಡಮೂಲೆಗೆ ಹೆಗಲು ಕೊಟ್ಟು ಕೂತಿದ್ದಳು.

"ಏಯ್, ಏಳೇ. ಅದು ನನ್ನ ಜಾಗ."

"ಸೊಂಟ ಹಿಡಿದಿದೆ ಅಂತ ಮೊನ್ನೆ ಗ್ಯಾಸ್ ಸಿಲಿಂಡರ್ ಎತ್ತೋಕೆ ನನ್ನನ್ನೇ ಕರೆದಿದ್ರಲ್ಲ ಚಿಕ್ಕಪ್ಪ?"

ಬಾಗಿಲಲ್ಲಿ ನಿಂತವರಿಗೆಲ್ಲ ಒಟ್ಟಿಗೆ ಕೆಮ್ಮು ಬಂತು. ಗ್ಯಾರೇಜಿನಲ್ಲಿ ಲಾರಿ ಟೈರು ಕಳಚುವವಳ ಶಕ್ತಿಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಎತ್ತರದ ಬಗ್ಗೆ. ಉಳಿದ ಮೂರು ಮೂಲೆಯಲ್ಲಿದ್ದ ಭಾವ, ಬೇಕರಿಯವನು, ಪೋಸ್ಟ್‌ಮ್ಯಾನ್ ಮೂವರೂ ದೀಪದ ಕಂಬದಂಥವರು.

"ಹೆಣ್ಣುಮಕ್ಕಳು ಹಿಂದೆ ನಡೆಯೋದು ಕಣೇ," ಎಂದ ಚಿಕ್ಕಪ್ಪ. "ನಮ್ಮಣ್ಣ ಜೀವಮಾನವಿಡೀ ಹೇಳಿದ್ದು ಅದೇ ಕತೆ ತಾನೆ? ಅವನನ್ನ ಕಳಿಸೋ ದಿನವೇ ಅವನ ಮಾತು ಮೀರ್ತೀಯಾ?"

ಏಟು ಸರಿಯಾದ ಜಾಗಕ್ಕೇ ಬಿತ್ತು.

*

ಅಪ್ಪ ಗುಡ್ಡದ ಮೇಲಿನ ಪುರಾತನ ನಿಲುಗಲ್ಲುಗಳನ್ನು ತೋರಿಸುವ ಗೈಡು. ಸಂಜೆಯ ಗುಂಪನ್ನು ಜೋಡಿಗಲ್ಲಿನ ಮುಂದೆ ನಿಲ್ಲಿಸಿ, ಸಂದಿಯಲ್ಲಿ ಕಾಣುವ ಏಳು ನಕ್ಷತ್ರಗಳ ಕತೆ ಹೇಳುವನು. ಚೌಕವಾಗಿ ನಿಂತ ನಾಲ್ಕು ಸೇರಿ ಒಬ್ಬ ತಂದೆಯ ಶವಪೆಟ್ಟಿಗೆ. ಬಾಲದಂತೆ ಸಾಲಾಗಿರುವ ಮೂರು, ಹಿಂದೆ ಅಳುತ್ತ ನಡೆಯುವ ಅವನ ಹೆಣ್ಣುಮಕ್ಕಳು. ಆ ಮೆರವಣಿಗೆ ದಾಟಲೆಂದೇ ಹಿಂದಿನವರು ಕಲ್ಲಿನ ಬಾಗಿಲು ನಿಲ್ಲಿಸಿದರಂತೆ. ಮೋಡ ಕವಿದಿದ್ದರೂ ಅವನು ಕೈ ತೋರಿಸುವನು. ಟಿಕೆಟ್ ಕೊಂಡವರು ಕಂಡಂತೆ ತಲೆಯಾಡಿಸುವರು.

ಒಂದು ಸಂಜೆ, ಆಗಿನ್ನೂ ಲಂಗ ಹಾಕುತ್ತಿದ್ದ ಮಗಳು ಗುಂಪಿನ ನಡುವಿನಿಂದಲೇ ಕೇಳಿದಳು: "ಹೊತ್ಕೊಂಡಿರೋರು ಯಾರಪ್ಪಾ?"

"ಆಂ?"

"ಪೆಟ್ಟಿಗೆ ಇದೆ. ಅಳೋರು ಹಿಂದೆ ಇದಾರೆ. ಹೊರೋರೇ ಇಲ್ವಲ್ಲ?"

ಜನ ನಕ್ಕರು. ಅಪ್ಪ ಆಕಾಶವನ್ನು ಅಂದೇ ಮೊದಲು ಕಂಡವನಂತೆ ನೋಡಿದ.

"ಅದಕ್ಕೇ ಇರಬೇಕು ಕಣಮ್ಮಾ, ಇನ್ನೂ ಸುತ್ತುತ್ತಾನೇ ಇದಾರೆ. ಗುಂಡಿ ತಲುಪೇ ಇಲ್ಲ."

ಮರುದಿನದಿಂದ ಕತೆ ಮತ್ತೆ ಮೊದಲಿನಂತೆಯೇ ನಡೆಯಿತು. ಕೆಲಸ ಕೆಲಸವೇ.

*

"ಮೀರ್ತಾ ಇಲ್ಲ ಚಿಕ್ಕಪ್ಪ," ಎಂದಳು ಮಗಳು, ಹೆಗಲು ತೆಗೆಯದೆ. "ಆ ಪೆಟ್ಟಿಗೆ ಇನ್ನೂ ತಲುಪಿಲ್ಲ ಅಂದಿದ್ದೂ ಅಪ್ಪಾನೇ. ಇದು ತಲುಪಬೇಕು. ನೀವು ಹಿಂದೆ ಬನ್ನಿ. ಅಳೋಕೂ ಯಾರಾದ್ರೂ ಬೇಕಲ್ಲ."

ಚಿಕ್ಕಪ್ಪ ಬಾಯಿ ತೆರೆದ. ಮಾತಿನ ಬದಲು ಅಳುವೇ ಬಂತು. ಮಡಚಿದ ತೋಳನ್ನು ಬಿಚ್ಚಿ ಅದರಲ್ಲೇ ಮೂಗು ಒರೆಸಿಕೊಂಡ.

ಪೆಟ್ಟಿಗೆ ಮೇಲೆದ್ದಿತು, ಎದ್ದದ್ದೇ ಅವಳ ಮೂಲೆಗೆ ವಾಲಿತು. ಒಳಗೆ ಏನೋ ಜರುಗಿದ ಸದ್ದು. ಅವಳು ತುದಿಗಾಲಲ್ಲಿ ನಿಂತಳು, ಸಾಲಲಿಲ್ಲ. ಆದರೂ ಹೆಗಲು ಬಿಡಲಿಲ್ಲ.

"ಸ್ವಲ್ಪ ಬಗ್ರಪ್ಪಾ," ಎಂದ ಬೇಕರಿಯವನು.

ಮೂರು ಕಂಬಗಳೂ ಮಂಡಿ ಮಡಿಸಿದವು. ಪೆಟ್ಟಿಗೆ ನೆಟ್ಟಗಾಯಿತು. ಗುಡ್ಡದ ದಾರಿಯುದ್ದಕ್ಕೂ ಮೂವರು ಉದ್ದನೆಯ ಗಂಡಸರು, ಎಷ್ಟು ನಡೆದರೂ ಮುಗಿಯದ ಗಿಡ್ಡ ಬಾಗಿಲೊಂದನ್ನು ದಾಟುವವರಂತೆ, ಬಗ್ಗಿಕೊಂಡೇ ಹತ್ತಿದರು. ಅವರ ನಡುವೆ ಅವಳೊಬ್ಬಳು ನೆಟ್ಟಗೆ.