ನಲವತ್ತು ಸೆಕೆಂಡಿನ ನಗು

ಬೆರಿಲ್ ಓಲ್ಡ್‌ರಾಯ್ಡ್‌ಗೆ ಎಂಬತ್ನಾಲ್ಕು ತುಂಬಿತ್ತು. ಟೀವಿಯಲ್ಲಿ ಆಕೆ ಆಡಿದ್ದು ಒಂದೇ ಒಂದು ಮಾತು. ಆ ಒಂದು ಮಾತನ್ನಿಟ್ಟುಕೊಂಡೇ ಅರವತ್ತೆರಡು ವರ್ಷ ಮೆರೆದಳು ಅಂದರೆ ಸುಳ್ಳಲ್ಲ.

ಇಂಗ್ಲೆಂಡಿನ ಕಡಲತಡಿಯ ಕ್ಲೀಥಾರ್ಪ್ಸ್ ಊರಿಗೆಲ್ಲ ಆ ಕಥೆ ಬಾಯಿಪಾಠ. ‘ಕೋಣೆ ಬಾಡಿಗೆಗಿದೆ’ ಅಂತ ಕಪ್ಪುಬಿಳುಪಿನ ಒಂದು ನಗೆ ಧಾರಾವಾಹಿ. ಅದರಲ್ಲಿ ಮನೆ ಮಾಲೀಕನಾಗಿ ಲೆಸ್ಲಿ ಗಾಂಟ್, ಆಗ ದೇಶವೇ ತಲೆಮೇಲೆ ಹೊತ್ತುಕೊಂಡಿದ್ದ ನಟ. ಒಂಬತ್ತನೆಯ ಕಂತಿನಲ್ಲಿ ಕೆಲಸದವಳಾಗಿ ಬೆರಿಲ್ ಟ್ರೇ ಹಿಡಿದು ಬರುತ್ತಾಳೆ. ಚಹ ಬಿಸಿ ಇದೆಯಾ ಎಂದು ಅವನು ಗದರುತ್ತಾನೆ. “ಬಿಸಿ ಇಲ್ಲ ಸಾರ್, ಆದ್ರೆ ಒದ್ದೆ ಇದೆ,” ಅನ್ನುತ್ತಾಳೆ. ಚಿತ್ರೀಕರಣ ನೋಡಲು ಸ್ಟುಡಿಯೋದಲ್ಲಿ ಕೂತಿದ್ದ ಮುನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಆ ನಗು ನಿಲ್ಲುವತನಕ ಗಾಂಟ್‌ನಂಥ ಗಾಂಟ್ ಕಪ್ಪನ್ನು ತುಟಿಗಿಟ್ಟುಕೊಂಡು ಕಾದನಂತೆ.

ಅವಳು ಹೇಳುವ ಕಥೆಯಲ್ಲಿ ಮೊದಮೊದಲು ಹತ್ತು ಸೆಕೆಂಡು ಕಾದಿದ್ದ. ಬೆರಿಲ್‌ಗೆ ಮದುವೆಯಾದ ಮೇಲೆ ಇಪ್ಪತ್ತಾಯಿತು. ಗಾಂಟ್ ಸತ್ತಮೇಲೆ ನಲವತ್ತಕ್ಕೆ ಬಂದು ನಿಂತಿತು. ಕೇಳುವವರು ಯಾರಿದ್ದರು? ಟೇಪು ದುಬಾರಿ ಅಂತ ಆ ಕಾಲದಲ್ಲಿ ಹಳೆಯದನ್ನು ಅಳಿಸಿ ಅದರ ಮೇಲೇ ಫುಟ್‌ಬಾಲ್ ಪಂದ್ಯ ತುಂಬುತ್ತಿದ್ದರು. ಒಂಬತ್ತನೆಯ ಕಂತೂ ಹಾಗೇ ಹೋಗಿತ್ತು. ಎಲ್ಲರೂ ಅಯ್ಯೋ ಅಂದರು. ಬೆರಿಲ್ ಎಲ್ಲರಿಗಿಂತ ಜೋರಾಗಿ ಅಂದಳು.

ಈಗ ನೋಡಿದರೆ, ಯಾರದೋ ತೋಟದ ಶೆಡ್ಡಿನಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಹಿಂದೆ, ಅದರ ಫಿಲ್ಮ್ ಪ್ರತಿ ಡಬ್ಬಿ ಸಮೇತ ಸಿಕ್ಕಿಬಿಟ್ಟಿತ್ತು! ಆ ಧಾರಾವಾಹಿಯ ಅಭಿಮಾನಿ ಸಂಘದ ಕಾರ್ಯದರ್ಶಿ ಕ್ಲೈವ್ ಹೆಪ್‌ವರ್ತ್ ಫೋನಿನಲ್ಲೇ ಅತ್ತುಬಿಟ್ಟ. ಶನಿವಾರ ಮೂರು ಗಂಟೆಗೆ ಚರ್ಚಿನ ಹಾಲಿನಲ್ಲಿ ಪ್ರದರ್ಶನ, ಬೆರಿಲ್ಲೇ ಮುಖ್ಯ ಅತಿಥಿ ಎಂದ. ರೈಲ್ವೆಯಲ್ಲಿ ವೇಳಾಪಟ್ಟಿ ನೋಡಿಕೊಳ್ಳುತ್ತಿದ್ದು ನಿವೃತ್ತನಾದ ಮನುಷ್ಯ. ಸ್ಟಾಪ್‌ವಾಚ್ ಇನ್ನೂ ಕೊರಳಿನಿಂದ ಇಳಿದಿರಲಿಲ್ಲ. ಆ ನಗುವನ್ನು ಅಳೆದು ಸಂಘದ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತೇನೆಂದ.

“ಒಂದ್ ಸೆಕೆಂಡೂ ಆಚೀಚೆ ಆಗ್ಬಾರ್ದು ಮೇಡಂ. ನಿಮ್ ಮರ್ಯಾದೆ ಪ್ರಶ್ನೆ.”

ಹಾಳಾದವನು, ಸರಿಯಾಗೇ ಹೇಳಿದ್ದ. ಆ ವಾರವೆಲ್ಲ ಬೆರಿಲ್‌ಗೆ ಊಟ ಸೇರಲಿಲ್ಲ. ನೆನೆಸಿ ನೆನೆಸಿ ನೋಡಿದಳು. ಟ್ರೇ ನಡುಗಿದ್ದು ನೆನಪಿತ್ತು, ದೀಪಗಳ ಕಾವು ನೆನಪಿತ್ತು, ಷೂ ಕಚ್ಚಿದ್ದೂ ನೆನಪಿತ್ತು. ನಗು ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ. ಶುಕ್ರವಾರ ಕ್ಲೈವ್‌ಗೆ ಫೋನು ಮಾಡಿ, ಮಂಡಿ ನೋವು, ಬರಲಾರೆ ಅಂದಳು. ಅವನು ಗಾಲಿಕುರ್ಚಿ ಕಳಿಸಿದ.

ಹಾಲಿನಲ್ಲಿ ಐವತ್ತು ಬೋಳುತಲೆ, ಬಿಳಿತಲೆಗಳು. ಮೀನಿನ ಪೇಸ್ಟಿನ ಸ್ಯಾಂಡ್‌ವಿಚ್ಚು, ದೊಡ್ಡ ಹಂಡೆಯಲ್ಲಿ ಚಹ. ಬೆರಿಲ್‌ಳನ್ನು ಮೊದಲನೇ ಸಾಲಿನಲ್ಲಿ, ಸ್ಪೀಕರಿನ ಪಕ್ಕದಲ್ಲೇ ಕೂರಿಸಿದರು. ತೆರೆಯ ಮೇಲೆ ಗಾಂಟ್ ಕೂತ, ಸ್ಟುಡಿಯೋ ಜನ ನಕ್ಕರು. ಟೋಪಿ ಬಿತ್ತು, ನಕ್ಕರು. ಬಾಗಿಲು ತೆರೆದುಕೊಂಡಿತು. ಟ್ರೇ ಹಿಡಿದ ಒಂದು ಬಡಕಲು ಹುಡುಗಿ ಒಳಗೆ ಬಂದಳು.

ಹುಡುಗಿ ಬಾಯಿ ತೆರೆದಳೋ ಇಲ್ಲವೋ, ಇಡೀ ಹಾಲು ಅವಳ ಜೊತೆಗೇ ಆ ಮಾತು ಒಪ್ಪಿಸಿ ಗೊಳ್ಳೆಂದು ನಕ್ಕಿತು. ಎಷ್ಟು ವರ್ಷದಿಂದ ಕಾದುಕೊಂಡಿದ್ದ ನಗುವೋ ಏನೋ, ಕುರ್ಚಿ ಬಡಿದುಕೊಂಡು ನಕ್ಕರು. ಪಾದ್ರಿಯ ಹೆಂಡತಿ ಕಣ್ಣೊರೆಸಿಕೊಂಡಳು. ಕ್ಲೈವ್ ನಗುತ್ತಲೇ ಸ್ಟಾಪ್‌ವಾಚಿನ ಗುಂಡಿ ಒತ್ತಿದ.

ನಗದಿದ್ದವಳು ಬೆರಿಲ್ ಒಬ್ಬಳೇ. ಅದಕ್ಕೇ ಅವಳೊಬ್ಬಳಿಗೇ ಕಂಡಿತು. ಗಾಂಟ್ ಕಾಯಲೇ ಇಲ್ಲ. ಕಪ್ಪು ತೆಗೆದುಕೊಂಡವನು ಮುಂದಿನ ಮಾತಿಗೆ ಹೋಗಿಬಿಟ್ಟಿದ್ದ. ಬೆರಿಲ್ ತನ್ನ ಕಿವಿಯಂತ್ರವನ್ನು ಸ್ಪೀಕರಿಗೆ ಆನಿಸಿದಳು. ಗಾಂಟ್‌ನ ದನಿ ಬಿಟ್ಟರೆ ಸ್ಟುಡಿಯೋ ಜನರ ಒಂದು ಕೆಮ್ಮೂ ಇಲ್ಲ. ಹುಡುಗಿ ಒಂದು ಕ್ಷಣ ಅಲ್ಲೇ ನಿಂತಳು, ಆಮೇಲೆ ಬಾಗಿಲು ಹಾಕಿಕೊಂಡು ಹೋದಳು.

ದೀಪ ಹತ್ತಿತು. ಕ್ಲೈವ್ ಸ್ಟಾಪ್‌ವಾಚ್ ಎತ್ತಿ ತೋರಿಸಿದ. “ನಲವತ್ತಾರು! ನಲವತ್ತು ಅಂತಿದ್ರಲ್ಲ ಮೇಡಂ, ನಿಮ್ದು ತೀರಾ ಸಂಕೋಚ ಕಣ್ರಿ.” ಆಕೆಯ ಒಂದು ಕೈಗೆ ಚಹದ ಕಪ್ಪು, ಇನ್ನೊಂದಕ್ಕೆ ಮೈಕು ಕೊಟ್ಟ.

ಥ್ಯಾಂಕ್ಸ್ ಹೇಳಿ ಕೂತಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆವತ್ತು ಬಸ್ಸು ಹತ್ತಿ ಒಬ್ಬಳೇ ಮನೆಗೆ ಹೋದ ಆ ಹುಡುಗಿ ಬೆರಿಲ್‌ಗೆ ನೆನಪಾದಳು. ಸುಳ್ಳು ಹೇಳಿ ಹೇಳಿ ಅವಳನ್ನು ಮರೆತೇಬಿಟ್ಟಿದ್ದಳಲ್ಲ!

“ಆವತ್ತು ಯಾರೂ ನಗ್ಲಿಲ್ಲ ಕಣ್ರಪ್ಪಾ,” ಅಂದಳು. “ಒಬ್ರೂ ನಗ್ಲಿಲ್ಲ.”

ಇಡೀ ಹಾಲು ನಕ್ಕಿತು ನೋಡಿ, ಮೊದಲಿನದು ಏನೂ ಅಲ್ಲ ಅನ್ನುವ ಹಾಗೆ. ನಿಜ ಹೇಳ್ತಿದೀನಿ ಎಂದಳು; ಹಿಂದಿನ ಸಾಲಿನಲ್ಲಿ ಒಬ್ಬ ಕುರ್ಚಿಯಿಂದ ಜಾರಿದ. ಕ್ಲೈವ್ ಮತ್ತೆ ಗುಂಡಿ ಒತ್ತಿದ.

ಬೆರಿಲ್ ಕಪ್ಪನ್ನು ತುಟಿಗಿಟ್ಟುಕೊಂಡು ಆ ನಗು ನಿಲ್ಲುವತನಕ ಕಾದಳು. ಚಹ ಬಿಸಿ ಇರಲಿಲ್ಲ.