ಅಕ್ಕನ ಕಾಲು, ಅಕ್ಕನ ಸಕ್ಕರೆ

ಅಕ್ಕ ಇಪ್ಪತ್ತಾರು ವರ್ಷದಿಂದ ಬಸ್ ಕಂಡಕ್ಟರ್. ದಿನವಿಡೀ ನಿಂತೇ ಕೆಲಸ. ಅಂಥವಳು ಒಂದು ಬೆಳಿಗ್ಗೆ ಡಿಪೋದ ಮೆಟ್ಟಿಲಲ್ಲಿ ಜಾರಿ ಕಣಕಾಲು ಮುರಿದುಕೊಂಡಳು. ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಕೆಲಸ ಮಾಡುವ ತಮ್ಮನೇ ಬ್ಯಾಂಡೇಜು ನೆನೆಸಿ ಅವಳ ಕಾಲಿಗೆ ಸುತ್ತಿದ. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ.

ನಾಲ್ಕು ವಾರ ಅಕ್ಕ ಅವನ ಮನೆಯಲ್ಲಿ ಮಲಗಿದಳು. ಅಷ್ಟು ದಿನ ಹಿಡಿತದಲ್ಲಿದ್ದ ಸಕ್ಕರೆ ಕಾಯಿಲೆ ಈಗ ಮಾತೇ ಕೇಳಲಿಲ್ಲ. ಬೆಳಿಗ್ಗೆ ಬೆರಳು ಚುಚ್ಚಿ ನೋಡಿದರೆ ನೂರ ಎಂಬತ್ತು, ಇನ್ನೂರು. ಊಟ ಅಳೆದು ಬಡಿಸುವವನು ತಾನೇ, ಇನ್ನು ಇದು ಎಲ್ಲಿಂದ ಬಂತು? ಅಕ್ಕನಿಗೆ ಸಿಹಿಯೆಂದರೆ ಪ್ರಾಣ.

ಒಂದು ಸಂಜೆ, ನಿದ್ದೆ ಹತ್ತಿದೆ ಎಂದುಕೊಂಡು ಅವಳ ದಿಂಬಿನಡಿ ಕೈಯಾಡಿಸಿದ.

“ಏನು ಹುಡುಕ್ತಿದ್ದೀಯೋ?”

ಅವನು ಪೆಚ್ಚಾದ. “ಬಿಸ್ಕೆಟ್ಟು ಗಿಸ್ಕೆಟ್ಟು ಏನಾದ್ರೂ...”

ಅಕ್ಕ ಗೋಡೆಯ ಕಡೆ ಮಗ್ಗುಲಾದಳು. ಎರಡು ದಿನ ನೀರು, ಮಾತ್ರೆ, ಊರುಗೋಲು, ಇಷ್ಟು ಬಿಟ್ಟರೆ ಬೇರೆ ಮಾತಿಲ್ಲ.

ಮೂರನೆಯ ದಿನ ಮೂಳೆ ಡಾಕ್ಟರಮ್ಮನ ಹತ್ತಿರ ಎಲ್ಲ ಹೇಳಿಕೊಂಡ.

“ಕದ್ದು ತಿಂದೇ ಏರಬೇಕು ಅಂತೇನಿಲ್ಲ” ಎಂದರು ಆಕೆ. “ನಡೆದಾಡೋರು ಮಲಗಿಬಿಟ್ರೆ ಸ್ನಾಯು ಸಕ್ಕರೇನ ಸರಿಯಾಗಿ ಬಳಸಲ್ಲ. ಮೂಳೆ ಪಾಲೂ ಇರಬಹುದು. ಅದು ಬರೀ ಕಂಬ ಅಲ್ಲ, ಆಸ್ಟಿಯೋಕ್ಯಾಲ್ಸಿನ್ ಅಂತ ಒಂದು ಹಾರ್ಮೋನು ಮಾಡಿ ರಕ್ತಕ್ಕೆ ಬಿಡುತ್ತೆ. ಓಡಾಟ ನಿಂತ್ರೆ ಅದೂ ಏರುಪೇರಾಗಬಹುದು. ಸಕ್ಕರೆ ಇಳಿಸೋ ಇನ್ಸುಲಿನ್ ಹೆಚ್ಚಿಸೋಕೆ ಅದು ನೆರವಾಗೋದು ಇಲಿಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ಎಷ್ಟರಮಟ್ಟಿಗೆ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.”

“ಇಷ್ಟು ವರ್ಷ ಮೂಳೆ ಕಟ್ಟಿದ್ದೀನಿ ಮೇಡಂ, ನನಗಿದು ಗೊತ್ತೇ ಇರ್ಲಿಲ್ಲ.”

“ಮಾತ್ರೆ ಸ್ವಲ್ಪ ಹೆಚ್ಚಿಸ್ತೀನಿ. ಎಕ್ಸ್‌ರೇ ಚೆನ್ನಾಗಿದ್ರೆ ನಡೆಸೋಣ. ನೀವು ಮೊದಲು ಅಕ್ಕನ್ನ ಮಾತಾಡಿಸಿ.”

ಅಂದೇ ಮಾತಾಡಿಸಲು ಬಾಯಿ ಬರಲಿಲ್ಲ. ಎರಡು ವಾರದ ಮೇಲೆ ಎಕ್ಸ್‌ರೇ ನೋಡಿ, ಅವನೇ ಪ್ಲಾಸ್ಟರ್ ಕೊಯ್ದ. ಒಳಗಿನ ಕಾಲು ಬಡಕಲಾಗಿ, ಚರ್ಮ ಸುಲಿದಿತ್ತು. ಬಿಸಿನೀರಿನಲ್ಲಿ ಅದನ್ನು ತೊಳೆಯುತ್ತ, ತಲೆಯೆತ್ತದೆ ಹೇಳಿದ.

“ತಪ್ಪಾಯ್ತಕ್ಕ. ಅವತ್ತು ದಿಂಬಿನ ಕೆಳಗೆ ಹುಡುಕಬಾರದಿತ್ತು.” ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದ.

“ನೋಡು, ನಿನ್ನನ್ನ ನಂಬಿಸೋಕೆ ನನ್ನ ಮೂಳೇನೇ ಬಂದು ಸಾಕ್ಷಿ ಹೇಳಬೇಕಾಯ್ತು” ಎಂದಳು ಅಕ್ಕ. ನಗಲು ಹೋಗಿ ಅವಳ ಕಣ್ಣು ತುಂಬಿತು, ಅವನ ಕಣ್ಣೂ ತುಂಬಿತು. “ಅಳಬೇಡ್ವೋ. ಕಾಲು ಒರೆಸು, ಚಳಿ ಆಗ್ತಿದೆ.”

ಮರುದಿನದಿಂದ ಆಸ್ಪತ್ರೆಯ ಮೊಗಸಾಲೆಯಲ್ಲಿ ಅವನ ಭುಜ ಹಿಡಿದು ನಡೆದಳು. ಮೊದಲು ಹತ್ತು ಹೆಜ್ಜೆ, ಆಮೇಲೆ ಇಪ್ಪತ್ತು. ಸಕ್ಕರೆಯೂ ಮೆಲ್ಲಗೆ ನೂರ ಮೂವತ್ತಕ್ಕೆ ಇಳಿಯಿತು. ಮಾತ್ರೆಯಿಂದಲೋ ನಡಿಗೆಯಿಂದಲೋ ಮೂಳೆಯಿಂದಲೋ ಡಾಕ್ಟರಮ್ಮ ಖಚಿತವಾಗಿ ಹೇಳಲಿಲ್ಲ, ಇವರೂ ಕೆದಕಲಿಲ್ಲ.

ನಾಲ್ಕನೆಯ ತಿಂಗಳು ಅಕ್ಕ ಮತ್ತೆ ಕೆಲಸಕ್ಕೆ ಹೊರಟಳು. ಬಾಗಿಲಲ್ಲಿ ಅವನು ಮಂಡಿಯೂರಿ ಅವಳ ಬೂಟಿನ ದಾರ ಕಟ್ಟಿದ. ಅವಳು ಅವನ ತಲೆಯ ಮೇಲೆ ಕೈಯಿಟ್ಟು ನಿಂತಳು.

“ಬಿಗಿ ಆಯ್ತು ಕಣೋ, ಸ್ವಲ್ಪ ಸಡಿಲ ಮಾಡು.”

ಅವನು ಗಂಟು ಬಿಚ್ಚಿ ಮತ್ತೆ ಕಟ್ಟಿದ.